ನೆರಳು ಹೋದದ್ದು ಹನ್ನೆರಡೂವರೆಯ ಮೇಲೆ

ಮಾಸ್ಟ್ರೇ,

'ಪೂಜ್ಯ' ಎಂದು ಮೊದಲು ಬರೆದೆ, ಹೊಡೆದುಹಾಕಿದೆ. 'ಪ್ರೀತಿಯ' ಎಂದು ಬರೆಯಲು ಕೈ ಒಪ್ಪಲಿಲ್ಲ. ಏಳನೆಯ ಕ್ಲಾಸಿನಲ್ಲಿ ನಿಮ್ಮ ಮುಂದೆ ಕುಳಿತು ಹೇಗೆ ಕರೆಯುತ್ತಿದ್ದೆನೋ ಹಾಗೆ ಬರೀ ಮಾಸ್ಟ್ರೇ ಎನ್ನುತ್ತೇನೆ, ಅಷ್ಟು ಸಾಕು. ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದಂತೆ. ನಾನು ನಿಮ್ಮ ಬಗ್ಗೆ ಯಾರ ಹತ್ತಿರವೂ ಆಡುತ್ತಿಲ್ಲ, ನಿಮಗೇ ಹೇಳುತ್ತಿದ್ದೇನೆ. ಬದುಕಿದ್ದಾಗಲೇ ಹೇಳಬೇಕಿತ್ತು, ಹನ್ನೊಂದು ವರ್ಷ ಸಮಯವೂ ಇತ್ತು. ಹೇಳಲಿಲ್ಲ. ಅದೊಂದು ನನ್ನ ತಪ್ಪು. ಉಳಿದದ್ದೆಲ್ಲ ನಿಮ್ಮದು.

ಮೂರು ವಾರದ ಹಿಂದಿನ ಆ ಶನಿವಾರ ಕಣ್ಣಿಗೆ ಕಟ್ಟಿದ ಹಾಗಿದೆ. ನಿಮ್ಮ ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ನೆಂಟರೆಲ್ಲ ಹೋದ ಮೇಲೆ, ಅತ್ತಾವರದ ನಮ್ಮ ಹಳೆಯ ಶಾಲೆಯಲ್ಲಿ ನಿಮಗೊಂದು ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮೇಜಿನ ಮೇಲೆ ನಿಮ್ಮ ಫೋಟೊ, ಅದಕ್ಕೊಂದು ಮಲ್ಲಿಗೆ ಮಾಲೆ, ಎರಡು ಊದುಕಡ್ಡಿ. ಶಾಲೆಯ ಸಂಚಾಲಕರಾದ ಹೋಟೆಲಿನ ಶೆಟ್ರು ಮೈಕು ಹಿಡಿದು, "ರೈ ಮಾಸ್ಟ್ರು ಅಂದ್ರೆ ತಪ್ಪು ಅನ್ನುವುದೇ ಗೊತ್ತಿಲ್ಲದ ಜನ" ಎಂದರು. ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ಆಮೇಲೆ ಅವರು ನನ್ನ ಕಡೆ ತಿರುಗಿ, "ಸುಮತಿ ಟೀಚರ್, ನೀವು ಅವರ ಶಿಷ್ಯೆ ಅಲ್ವಾ, ಎರಡು ಮಾತು ಹೇಳಿ" ಎಂದರು. ಗಂಟಲು ಸರಿ ಇಲ್ಲ ಎಂದೆ. ಗಂಟಲಿಗೆ ಏನೂ ಆಗಿರಲಿಲ್ಲ. ಬಾಯಿ ತೆರೆದರೆ ಏನು ಹೊರಗೆ ಬರುತ್ತದೋ ಎಂದು ಹೆದರಿ ಎದ್ದು ಬಂದು ಪಡೀಲಿನ ಬಸ್ಸು ಹತ್ತಿದೆ.

ಸೌತೆಕಾಯಿಯ ದಿನ ನಿಮಗೆ ನೆನಪಿದೆಯೇ? ಅದು ನಾನು ನಿಮ್ಮ ಏಳನೆಯ ಕ್ಲಾಸಿನಲ್ಲಿದ್ದ ವರ್ಷ. ಶಾಲೆಯಲ್ಲಿ ಗ್ಲೋಬು ಇರಲಿಲ್ಲ. ನೀವು ಚೀಲದಿಂದ ಒಂದು ದಪ್ಪ ಸಾಂಬಾರು ಸೌತೆಕಾಯಿ ತೆಗೆದಿರಿ, ಅದರ ಉದ್ದಕ್ಕೂ ಕೊಡೆಯ ಕಡ್ಡಿ ಚುಚ್ಚಿದಿರಿ, ಕಿಟಕಿ ಮುಚ್ಚಿಸಿ ಚಿಮಿಣಿ ದೀಪ ಹಚ್ಚಿ ಅದರ ಸುತ್ತ ಸೌತೆಕಾಯಿಯನ್ನು ಓರೆಯಾಗಿ ಹಿಡಿದು ನಡೆದಿರಿ. "ಇಲ್ಲಿ ನೋಡಿ, ಈ ಗೆರೆಯ ಹತ್ತಿರ ನಾವು ಇರುವುದು. ವರ್ಷಕ್ಕೆ ಎರಡು ಸಲ ಸೂರ್ಯ ನಮ್ಮ ನೆತ್ತಿಯ ಮೇಲೇ ನಿಲ್ಲುತ್ತಾನೆ. ಆಗ ನಿಮ್ಮ ನೆರಳು ನಿಮ್ಮ ಕಾಲಡಿಗೆ ಹೋಗ್ತದೆ" ಎಂದಿರಿ. ಪಾಠ ಮುಗಿದ ಮೇಲೆ ಅದೇ ಭೂಮಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಿರಿ, ಸಂಜೆ ನಿಮ್ಮ ಹೆಂಡತಿ ಗುಲಾಬಕ್ಕ ಅದನ್ನು ಹೆಚ್ಚಿ ಸಾಂಬಾರು ಮಾಡಿದ್ದಿರಬೇಕು. ನನಗೆ ಆ ದಿನದಿಂದ ಆಕಾಶದ ಹುಚ್ಚು ಹಿಡಿಯಿತು. ಹಿಡಿಸಿದ್ದು ನೀವು. ಇದನ್ನು ಇಲ್ಲ ಎನ್ನಲಾರೆ, ಅದಕ್ಕೇ ಸಿಟ್ಟು ಇಷ್ಟು ದಪ್ಪವಾಗಿ ಕುಳಿತಿರುವುದು.

ನೀವೇ ನನ್ನನ್ನು ಶಾಲೆಗೆ ಸೇರಿಸಿಕೊಂಡ ದಿನವೂ ನೆನಪಿದೆ. ಟ್ರೈನಿಂಗ್ ಮುಗಿಸಿ ಬಂದಿದ್ದೆ, ನೀವು ಹೆಡ್‌ಮಾಸ್ಟ್ರಾಗಿದ್ದಿರಿ. "ಒಂದನೆಯ ಕ್ಲಾಸು ತಗೊ. ಸಣ್ಣ ಮಕ್ಕಳಿಗೆ ಕಲಿಸಿದರೆ ಮಾತ್ರ ಟೀಚರ್ ಆಗ್ಲಿಕ್ಕಾಗುವುದು" ಎಂದಿರಿ. ನಾನು ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಆಕಾಶದ ಪಾಠ ಶುರು ಮಾಡಿದೆ. ಪಾಠ ಎಂದರೆ ಎಂತ, ಪುಸ್ತಕ ಇಲ್ಲ, ಬರೆಯುವುದು ಇಲ್ಲ. ಒಂದು ಕನ್ನಡಿಯನ್ನು ಅಂಗಳದಲ್ಲಿ ಮಲಗಿಸಿ ಅದರ ಸುತ್ತ ಕುಳಿತು ಮೋಡ ಹಾದುಹೋಗುವುದನ್ನು ಬಗ್ಗಿ ನೋಡುವುದು. ಬೆಳಿಗ್ಗೆ ಒಬ್ಬರ ನೆರಳಿನ ಸುತ್ತ ಇನ್ನೊಬ್ಬರು ಇದ್ದಿಲಿನ ಮಸಿಯಿಂದ ಗೆರೆ ಎಳೆದಿಟ್ಟು, ಪಾಠದ ಹೊತ್ತಿಗೆ ಅದೇ ಜಾಗದಲ್ಲಿ ನಿಂತು ನೆರಳು ಎಲ್ಲಿಗೆ ಹೋಯಿತೆಂದು ಹುಡುಕುವುದು. ಹಗಲಲ್ಲಿ ಚಂದ್ರನನ್ನು ಮೊದಲು ಕಂಡವರಿಗೆ ಒಂದು ಕಡಲೆ ಮಿಠಾಯಿ. ಬಂದರಿನ ಖರ್ಜೂರದ ಅಂಗಡಿಯವರ ಮಗಳು ನಫೀಸಾ ಒಂದು ಬೆಳಿಗ್ಗೆ ಓಡಿಬಂದು, "ಟೀಚರ್, ಚಂದ್ರ ನಮ್ಮ ಬಸ್ಸಿನ ಜೊತೆಯೇ ಬಂತು, ಕಂಡಕ್ಟ್ರು ಅದಕ್ಕೆ ಟಿಕೆಟ್ ಕೇಳ್ಲೇ ಇಲ್ಲ" ಎಂದಳು. ನೀವು ಬಾಗಿಲಲ್ಲಿ ನಿಂತು ಕೇಳಿ ನಕ್ಕಿದ್ದಿರಿ. ಆ ನಗುವನ್ನು ನಾನು ನಂಬಿದೆ.

ಎಪ್ಪತ್ತೈದರ ಆಟಿ ತಿಂಗಳಲ್ಲಿ, ಎಂದರೆ ಜುಲೈ ಕೊನೆಗೆ, ಹೊರಗೆ ಧೋ ಎಂದು ಮಳೆ ಸುರಿಯುತ್ತಿದ್ದಾಗ, ನಾನು ಪುಸ್ತಕ ಹಿಡಿದುಕೊಂಡು ನಿಮ್ಮ ಕೋಣೆಗೆ ಬಂದೆ. ಸೂರ್ಯ ನಮ್ಮ ನೆತ್ತಿಗೆ ಬರುವ ಎರಡು ದಿನಗಳಲ್ಲಿ ಒಂದು ಏಪ್ರಿಲಿನಲ್ಲಿ, ಆಗ ಶಾಲೆಗೆ ರಜೆ. ಇನ್ನೊಂದು ಆಗಸ್ಟಿನಲ್ಲಿ, ತುಳು ತಿಂಗಳು ಸೋಣ ಹುಟ್ಟುವ ಸಂಕ್ರಮಣದ ಮಾರನೆಯ ದಿನ. ದಿನವನ್ನು ಕಾಲೇಜಿನವರೊಬ್ಬರ ಭೂಗೋಳದ ಪುಸ್ತಕದಲ್ಲಿದ್ದ ಕೋಷ್ಟಕ ನೋಡಿ ನಾನೇ ಹುಡುಕಿದ್ದೆ. ಹೊತ್ತು ಮಾತ್ರ ನಿಮ್ಮನ್ನು ಕೇಳಿದೆ. "ಹನ್ನೆರಡಕ್ಕೇ ಅಲ್ವಾ ಮಾಸ್ಟ್ರೇ?" ನೀವು ಕನ್ನಡಕದ ಮೇಲಿನಿಂದ ನೋಡಿ, "ನಡು ಮಧ್ಯಾಹ್ನ ಅಂದ್ರೆ ಹನ್ನೆರಡು. ಇದನ್ನೆಂತ ಕೇಳುವುದು ಮಾರಾಯ್ತಿ?" ಎಂದಿರಿ. ನನ್ನ ಪುಸ್ತಕದಲ್ಲಿ 'ಮಧ್ಯಾಹ್ನ ೧೨' ಎಂದು ಬರೆದಿದ್ದರ ಪಕ್ಕಕ್ಕೆ ಕೆಂಪು ಪೆನ್ಸಿಲಿನಿಂದ ಸರಿ ಗುರುತು ಹಾಕಿದಿರಿ. ಆ ಪುಸ್ತಕ ಇವತ್ತಿಗೂ ನನ್ನ ಹತ್ತಿರ ಇದೆ.

ಸ್ವಾತಂತ್ರ್ಯದ ದಿನ ಧ್ವಜ ಇಳಿಸಿದ ಮೇಲೆ ಪ್ಯೂನ್ ಬಾಬಣ್ಣ ಕಂಬ ಕೀಳಲು ಬಂದ. ಸೋಮವಾರದವರೆಗೆ ಬಿಡು ಎಂದು ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. "ಎಂತ ಟೀಚರ್, ಸೋಮವಾರ ಪುನಃ ಸ್ವಾತಂತ್ರ್ಯ ಬರ್ಲಿಕ್ಕುಂಟಾ?" ಎಂದು ಗೊಣಗುತ್ತಾ ಬಿಟ್ಟು ಹೋದ. ನಾನು ಮೇಸ್ತ್ರಿಯೊಬ್ಬರ ತೂಗುಗುಂಡು ತಂದು ಕಂಬವನ್ನು ನೆಟ್ಟಗೆ ಮಾಡಿಸಿದೆ. ಮಕ್ಕಳಿಗೆ ಹೇಳಿದೆ: ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ಈ ಕಂಬದ ನೆರಳು ಮಾಯ ಆಗ್ತದೆ. ನಿಮ್ಮದೂ. ನನ್ನದೂ. ಹೆಡ್‌ಮಾಸ್ಟ್ರದೂ. ಆರು ವರ್ಷದ ಮೂವತ್ತನಾಲ್ಕು ಮಕ್ಕಳು ಬಾಯಿ ತೆರೆದುಕೊಂಡು ಕೇಳಿದವು. ನಫೀಸಾ ಮನೆಗೆ ಹೋಗಿ ಬೀದಿಗೆಲ್ಲ ಸಾರಿದಳಂತೆ. ಶನಿವಾರವೂ ಭಾನುವಾರವೂ ಮಳೆ. ನಾನು ಎರಡು ದಿನ ಅನ್ನ ಸರಿಯಾಗಿ ಉಣ್ಣಲಿಲ್ಲ. ಆ ವಯಸ್ಸಿನ ಮಕ್ಕಳಿಗೆ ಒಂದು ಮಾತು ಕೊಟ್ಟರೆ ಅದು ಎಷ್ಟು ದೊಡ್ಡದಾಗಿ ಬೆಳೆಯುತ್ತದೆ ಎಂದು ನಿಮಗೆ ಗೊತ್ತಿರಲಿಲ್ಲವೇ?

ಸೋಮವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಬಿಸಿಲು. ಸೋಣದ ಬಿಸಿಲು, ತೊಳೆದಿಟ್ಟ ಹಾಗಿತ್ತು. ಹನ್ನೊಂದೂವರೆಗೇ ಮಕ್ಕಳನ್ನು ಅಂಗಳಕ್ಕೆ ತಂದೆ. ಸಂಚಾಲಕ ಶೆಟ್ರೂ ಯಾವುದೋ ಕಾಗದಕ್ಕೆ ಸಹಿ ಹಾಕಲು ಬಂದವರು ಜಗಲಿಯಲ್ಲಿ ನಿಂತರು, ಪಕ್ಕದಲ್ಲಿ ನೀವು. ನೆರಳು ಕುಗ್ಗುತ್ತಾ ಕುಗ್ಗುತ್ತಾ ಬಂತು, ಮಕ್ಕಳು ಅದರ ಹಿಂದೆ ಹಿಂದೆಯೇ ಸರಿದರು. ಹಂಚಿನ ಕಾರ್ಖಾನೆಯ ಹನ್ನೆರಡರ ಸೈರನ್ ಕೂಗಿತು. ನಮ್ಮ ಕಡೆ ಮಧ್ಯಾಹ್ನ ಎಂದರೆ ಆ ಸೈರನ್ನೇ ತಾನೆ, ಅದು ಕೂಗಿದರೆ ಅಡುಗೆಮನೆಯಲ್ಲಿ ಅನ್ನ ಬಸಿಯುತ್ತಾರೆ, ಅಂಗಡಿಯವರು ಅರ್ಧ ಬಾಗಿಲು ಎಳೆಯುತ್ತಾರೆ. ಆದರೆ ಕಂಬದ ಬುಡದಲ್ಲಿ ಎರಡೂಕಾಲು ಅಡಿ ಉದ್ದದ ನೆರಳು ಮಲಗಿಕೊಂಡೇ ಇತ್ತು. ಐದು ನಿಮಿಷ ಕಾದೆವು. ಹತ್ತು ನಿಮಿಷ. ಮಕ್ಕಳು ಒಬ್ಬೊಬ್ಬರಾಗಿ ನೆರಳು ಬಿಟ್ಟು ನನ್ನ ಮುಖ ನೋಡತೊಡಗಿದರು. ಶೆಟ್ರು ನಕ್ಕು, "ಎಂತ ಮಾಸ್ಟ್ರೇ, ನಿಮ್ಮ ಶಾಲೆಯಲ್ಲಿ ಮಂತ್ರ ಮಾಟವೂ ಉಂಟಾ?" ಎಂದರು. ಆಗ ನೀವು ಕೈಗಡಿಯಾರ ನೋಡಿಕೊಂಡಿರಿ. "ಟೀಚರ್‌ನ ಲೆಕ್ಕ ತಪ್ಪಿತು. ನಡೀರಿ ಮಕ್ಕಳೇ, ಊಟಕ್ಕೆ" ಎಂದಿರಿ. ಬಾಬಣ್ಣನಿಗೆ ಗಂಟೆ ಹೊಡೆಯಲು ಹೇಳಿದಿರಿ. ನಫೀಸಾ ಸಾಲಿನಲ್ಲಿ ಹೋಗುತ್ತಾ ಪಕ್ಕದವಳಿಗೆ ಹೇಳಿದ್ದು ನನಗೆ ಕೇಳಿಸಿತು: "ಟೀಚರ್ ಹೇಳಿದ್ದು ಲೊಟ್ಟೆ, ಸುಳ್ಳು."

ಮಕ್ಕಳು ಹೋದ ಮೇಲೆ ನಾನು ಕಂಬದ ಹತ್ತಿರವೇ ನಿಂತಿದ್ದೆ. ಒಳಗೆ ಹೋಗಲು ಮುಖ ಇರಲಿಲ್ಲ. ಸುಮ್ಮನೆ ನೆಲ ನೋಡುತ್ತಿದ್ದವಳಿಗೆ ನೆರಳು ಇನ್ನೂ ಸರಿಯುತ್ತಿದೆ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಒಂದೂವರೆ ಅಡಿ. ಒಂದು ಅಡಿ. ಒಂದು ಗೇಣು. ಹನ್ನೆರಡು ಮೂವತ್ತೈದಕ್ಕೆ, ಮಾಸ್ಟ್ರೇ, ಅದು ಕಂಬದೊಳಕ್ಕೇ ಹೋಯಿತು. ನನ್ನ ನೆರಳೂ ಇಲ್ಲ. ಸೀರೆಯ ನೆರಿಗೆಯ ಕೆಳಗೆ ಒಂದಿಷ್ಟು ಕಪ್ಪು, ಅಷ್ಟೇ. ನಾನು ಓಡಿದೆ. ಸಜ್ಜಿಗೆ ಬಡಿಸುವ ಜಗಲಿಗೆ ಬಂದು, "ಮಾಸ್ಟ್ರೇ, ಹೋಯಿತು, ನೆರಳು ಹೋಯಿತು, ಎರಡು ನಿಮಿಷ ಮಕ್ಕಳನ್ನು ಕಳಿಸಿ" ಎಂದೆ. ನೀವು ತಿರುಗಿ ಅಂಗಳ ನೋಡಿದಿರಿ. ಕಂಬ ನೋಡಿದಿರಿ. ನೀವು ನೋಡಿದ್ದನ್ನು ನಾನು ನೋಡಿದೆ. ಆಮೇಲೆ ಶೆಟ್ರ ಕಡೆ ಒಮ್ಮೆ ಕಣ್ಣು ಹಾಯಿಸಿ, "ಊಟಕ್ಕೆ ಕೂತ ಮಕ್ಕಳನ್ನು ಎಬ್ಬಿಸಬಾರದು" ಎಂದು ಹೇಳಿ ಒಳಗೆ ಹೋದಿರಿ. ಎಷ್ಟು ಹೆಜ್ಜೆ ಇತ್ತು ಆ ಜಗಲಿಯಿಂದ ಅಂಗಳಕ್ಕೆ? ನಾಲ್ಕು? ಐದು? ಮೂವತ್ತನಾಲ್ಕು ಮಕ್ಕಳು ಎಂಜಲು ಕೈಯಲ್ಲೇ ಓಡಿಬಂದು ನೋಡಿ ವಾಪಸು ಹೋಗಿ ಉಣ್ಣುತ್ತಿದ್ದವು. ಸಜ್ಜಿಗೆಗೇನು ರೆಕ್ಕೆ ಬರುತ್ತಿತ್ತೇ?

ಆ ಸಂಜೆ ನಾಲ್ಕು ಗಂಟೆಗೆ ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು ಕೇಳಿದೆ. ಯಾಕೆ ಎಂದಷ್ಟೇ ಕೇಳಿದೆ. ನೀವು ಹಾಜರಿ ಪುಸ್ತಕದಿಂದ ತಲೆ ಎತ್ತದೆ ಹೇಳಿದಿರಿ, "ನನಗೆ ಗೊತ್ತಿತ್ತು. ಮಂಗಳೂರಿನ ಮಧ್ಯಾಹ್ನ ಗಡಿಯಾರದ ಮಧ್ಯಾಹ್ನ ಅಲ್ಲ. ನೀನೇ ಕಲಿಯಲಿ ಅಂತ ಬಿಟ್ಟೆ. ಹೇಳಿಕೊಟ್ಟರೆ ಮರೆತುಹೋಗ್ತದೆ, ಬಿದ್ದು ಕಲಿತದ್ದು ಮರೆಯುವುದಿಲ್ಲ." ಹೌದು, ಮರೆಯಲಿಲ್ಲ. ನಾನು ಬಿದ್ದದ್ದು ಹೋಗಲಿ, ಆಗ ನನಗೆ ಇಪ್ಪತ್ತಮೂರು ವರ್ಷ, ಎದ್ದು ಧೂಳು ಕೊಡವಿಕೊಳ್ಳಬಲ್ಲವಳು. ಮಕ್ಕಳು? ನನಗೆ ಪಾಠ ಕಲಿಸಲು ಆರು ವರ್ಷದ ಮಕ್ಕಳ ಎದುರು ಆಕಾಶವನ್ನೇ ಸುಳ್ಳು ಮಾಡಿದಿರಲ್ಲ. ಕೆಂಪು ಪೆನ್ಸಿಲಿನಲ್ಲಿ ಸರಿ ಹಾಕಿ, ಗೊತ್ತಿದ್ದೂ ಗೊತ್ತಿದ್ದೂ ನನ್ನನ್ನು ಅಂಗಳಕ್ಕೆ ಕಳಿಸಿದಿರಲ್ಲ. ಆ ದಿನದಿಂದ ನಿಮ್ಮನ್ನು ದ್ವೇಷಿಸಿದೆ. ಈ ಶಬ್ದ ಬರೆಯಲು ನನಗೆ ಎಳ್ಳಷ್ಟೂ ಸಂಕೋಚ ಇಲ್ಲ.

ಮಾರನೆಯ ದಿನ ರಜೆ ಹಾಕಿ ಮನೆಯಲ್ಲಿ ಮಲಗಿದೆ. ಅದರ ಮಾರನೆಯ ದಿನ ಶಾಲೆಗೆ ಬಂದರೆ ಕಂಬ ಇರಲಿಲ್ಲ. ಶೆಟ್ರು ಹೇಳಿಕಳಿಸಿದ್ದರು, ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ಇನ್ನು ಮಗ್ಗಿ ಹೇಳಿಸಬೇಕು ಎಂದು. ನೀವು ಒಂದು ಮಾತು ಆಡಲಿಲ್ಲ. ನಾನು ಆಡಬಹುದಿತ್ತು, ಮಕ್ಕಳಿಗೆ ನಿಜ ಹೇಳಬಹುದಿತ್ತು. ಆದರೆ ನಿಮ್ಮದೇ ಒಂದು ಮಾತಿತ್ತಲ್ಲ, ಹೊಸ ಟೀಚರುಗಳಿಗೆಲ್ಲ ನೀವು ಹೇಳುತ್ತಿದ್ದದ್ದು: ತಪ್ಪಿದೆ ಅಂತ ಮಕ್ಕಳ ಎದುರು ಒಮ್ಮೆ ಒಪ್ಪಿದರೆ, ಮತ್ತೆ ಎರಡೆರಡ್ಲ ನಾಲ್ಕು ಅಂದರೂ ಅವು ನಂಬುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡೆ. ನಫೀಸಾ ಆಮೇಲೆ ಹಗಲಿನ ಚಂದ್ರನ ಸುದ್ದಿ ತರಲಿಲ್ಲ. ವರ್ಷ ಮುಗಿದದ್ದೇ ಪಡೀಲಿನ ಶಾಲೆಗೆ ಹೋದೆ.

ಹಂಪನಕಟ್ಟೆಯ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಎದುರಾಗಿದ್ದಿರಿ, ನೀವು ರಿಟೈರಾದ ಮೇಲೆ. "ಹೇಗಿದ್ದೀ ಸುಮತಿ?" ಎಂದಿರಿ. "ಇದ್ದೇನೆ" ಎಂದು ಬಸ್ಸಿನ ಬೋರ್ಡು ಓದುತ್ತಾ ನಿಂತೆ. ನೀವು ಇನ್ನೇನೋ ಹೇಳಲು ಬಾಯಿ ತೆರೆದಿರಿ, ನನ್ನ ಬಸ್ಸು ಬಂತು. ಬರದಿದ್ದರೂ ಬೇರೆ ಯಾವುದಾದರೂ ಹತ್ತುತ್ತಿದ್ದೆ. ಎಂಬತ್ತರಲ್ಲಿ ಆ ದೊಡ್ಡ ಗ್ರಹಣ ಬಂದಾಗ ಊರವರೆಲ್ಲ ಕಿಟಕಿ ಮುಚ್ಚಿ ಕುಳಿತರು, ನಾನೂ ಕುಳಿತೆ, ಒಂದು ರಟ್ಟಿಗೆ ತೂತು ಮಾಡಿ ಸೂರ್ಯನ ಬಿಂಬ ಗೋಡೆಗೆ ಬೀಳಿಸಲು ಗೊತ್ತಿದ್ದವಳು. ಈ ವರ್ಷ ಧೂಮಕೇತು ಬಂತೆಂದು ಪೇಪರಿನಲ್ಲಿ ಬಂದಾಗ ಮಕ್ಕಳು, "ಟೀಚರ್, ಬಾಲ ಉಂಟಂತಲ್ಲ ಅದಕ್ಕೆ?" ಎಂದು ಕೇಳಿದರು. ಅದೆಲ್ಲ ದೊಡ್ಡವರಿಗೆ, ನೀವು ಮಗ್ಗಿ ಹೇಳಿ ಎಂದೆ. ಹನ್ನೊಂದು ವರ್ಷ ಒಂದು ಮಗುವಿಗೂ ತಲೆ ಎತ್ತಿ ನೋಡು ಎನ್ನಲಿಲ್ಲ. ಮಾತು ಕೊಟ್ಟರೆ ತಾನೆ ತಪ್ಪುವುದು? ನಿಮ್ಮಿಂದ ನಾನು ಚೆನ್ನಾಗಿಯೇ ಕಲಿತೆ.

ಶ್ರದ್ಧಾಂಜಲಿ ಸಭೆಯಿಂದ ಎದ್ದು ಬಂದ ಮರುವಾರ ಗುಲಾಬಕ್ಕ ಹೇಳಿಕಳಿಸಿದರು. ನಿಮ್ಮ ಮೇಲಿನ ಸಿಟ್ಟು ಅವರ ಮೇಲೆ ಯಾಕೆ ಎಂದು ಕೊಟ್ಟಾರದ ನಿಮ್ಮ ಮನೆಗೆ ಹೋದೆ. ಅವರು ಹಗ್ಗ ಕಟ್ಟಿದ ಒಂದು ಪುಸ್ತಕದ ಕಟ್ಟು ತಂದು ಮುಂದಿಟ್ಟರು. "ಆಸ್ಪತ್ರೆಗೆ ಹೋಗುವ ಮೊದಲು ಅವರೇ ಕಟ್ಟಿಟ್ಟದ್ದು. ಸುಮತಿಗೆ ಕೊಡು ಅಂತ ಹೇಳಿದ್ರು. ಎಂತ ಉಂಟು ಅಂತ ನನಗೆ ಗೊತ್ತಿಲ್ಲ." ಹಳೆಯ ಅಟ್ಲಾಸು, ಏಳನೆಯ ಕ್ಲಾಸಿನ ಭೂಗೋಳ, ಅವುಗಳ ನಡುವೆ ಒಂದೇ ಒಂದು ಡೈರಿ. ಎಪ್ಪತ್ತೈದರದ್ದು. ಸೋಣದ ಆ ಸೋಮವಾರದ ಪುಟಕ್ಕೆ ಒಂದು ಕಾಗದದ ಚೂರು ಇಟ್ಟಿದ್ದಿರಿ. ನಿಮ್ಮ ಗುಂಡು ಅಕ್ಷರದಲ್ಲಿ ರೇಖಾಂಶದ ಒಂದು ಲೆಕ್ಕ, ದೇಶದ ಗಡಿಯಾರದ್ದು ಎಂಬತ್ತೆರಡೂವರೆ, ಮಂಗಳೂರಿನದು ಎಪ್ಪತ್ತೈದು, ಒಂದೊಂದು ರೇಖಾಂಶಕ್ಕೆ ನಾಲ್ಕು ನಿಮಿಷ: ಎಂಬತ್ತೆರಡೂವರೆಯಲ್ಲಿ ಎಪ್ಪತ್ತೈದು ಹೋದರೆ ಏಳೂವರೆ. ಏಳೂವರೆ ನಾಲ್ಕಲಿ ಮೂವತ್ತು ನಿಮಿಷ. ಅದರ ಕೆಳಗೆ: "ಇದನ್ನು ಇಪ್ಪತ್ತೆಂಟು ವರ್ಷದಿಂದ ಏಳನೆಯ ಕ್ಲಾಸಿಗೆ ಕಲಿಸುತ್ತಿದ್ದೇನೆ. ಅಂಗಳದಲ್ಲಿ ನಿಂತಾಗ ಹೊಳೆಯಲಿಲ್ಲ. ಸಂಜೆ ಸುಮತಿಯ ಹತ್ತಿರ ಗೊತ್ತಿತ್ತು ಎಂದು ಸುಳ್ಳು ಹೇಳಿದೆ. ನಾಳೆ ಸರಿ ಮಾಡಬೇಕು." ಮರುದಿನದ ಪುಟದಲ್ಲಿ ಎರಡೇ ಮಾತು. "ಮಳೆ. ಸುಮತಿ ರಜೆ." ಆಮೇಲೆ ಸಂಬಳದ ಬಿಲ್ಲು, ಮಾಡಿನ ಸೋರಿಕೆ, ಇನ್‌ಸ್ಪೆಕ್ಟರ ಭೇಟಿ. ನಾನು ಎಲ್ಲಿಯೂ ಇಲ್ಲ.

ಗುಲಾಬಕ್ಕ ಚಾ ತಂದಿಟ್ಟಾಗ ನಾನು ಅದೇ ಪುಟವನ್ನು ಮೂರನೆಯ ಸಲ ಓದುತ್ತಿದ್ದೆ. "ಎಂತ ಆಯ್ತು ಮಗಾ?" ಎಂದರು. ಏನೂ ಇಲ್ಲ ಎಂದೆ. ನಿಮಗೆ ಗೊತ್ತಿರಲಿಲ್ಲ. ಅಷ್ಟೇ ತಾನೆ ವಿಷಯ? ನಿಮಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನೀವು ಕಲಿಸಿದ ಆ ಲೆಕ್ಕವನ್ನು ಪರೀಕ್ಷೆಯಲ್ಲಿ ನಾನೂ ಸರಿ ಮಾಡಿ ಹತ್ತಕ್ಕೆ ಹತ್ತು ತೆಗೆದವಳು. ಇಬ್ಬರೂ ಸೈರನ್ ನಂಬಿ ಕಂಬದ ಬುಡದಲ್ಲಿ ನಿಂತ ಪೆದ್ದರು. ಇದನ್ನು ಅವತ್ತೇ ಹೇಳಿದ್ದರೆ ಇಬ್ಬರೂ ಕುಳಿತು ನಗಬಹುದಿತ್ತು, ಮಳೆ ಬಿಟ್ಟದ್ದೇ ಮಕ್ಕಳನ್ನು ಪುನಃ ಅಂಗಳಕ್ಕೆ ತರಬಹುದಿತ್ತು, ನೆರಳು ಕೂದಲೆಳೆಯಷ್ಟು ಉಳಿಯುತ್ತಿತ್ತೋ ಏನೋ, ಯಾರು ಅಳೆಯುತ್ತಿದ್ದರು? ದಡ್ಡ ಎನಿಸಿಕೊಳ್ಳುವುದಕ್ಕಿಂತ ಕ್ರೂರಿ ಎನಿಸಿಕೊಳ್ಳುವುದು ಮೇಲು ಎಂದು ನಿಮಗೆ ಹೇಗೆ ಅನ್ನಿಸಿತು? ನಾನು ಒಂದು ದಿನ ರಜೆ ಹಾಕಿದ್ದಕ್ಕೆ ಹನ್ನೊಂದು ವರ್ಷ ಬೇಕಾಯಿತೇ? ಕೊಟ್ಟಾರದಿಂದ ಪಡೀಲಿಗೆ ಬಸ್ಸು ಇಲ್ಲವೇ? ಇಷ್ಟಾಗಿ ಈಗ, ನಾನು ತಿರುಗಿ ಒಂದು ಮಾತು ಕೇಳಲಾರದ ಹಾಗೆ ಮಾಡಿ, ಕ್ಷಮೆಯನ್ನು ಹಗ್ಗ ಕಟ್ಟಿ ಹೆಂಡತಿಯ ಕೈಯಲ್ಲಿ ಕೊಡಿಸುತ್ತೀರಿ. ಇದು ಎಂತಹ ಮರ್ಯಾದೆ ಮಾಸ್ಟ್ರೇ? ನಿಮ್ಮನ್ನು ಹುಲಿ ಎಂದುಕೊಂಡು ದ್ವೇಷಿಸಿದೆ. ನೀವು ಬರೀ ಹೆದರುಪುಕ್ಕಲ. ನನ್ನ ಅಷ್ಟು ವರ್ಷದ ದ್ವೇಷಕ್ಕೂ ನೀವು ಲಾಯಕ್ಕಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರುವುದು ಅದಕ್ಕೇ. ಮತ್ತೆ ನಫೀಸಾ? ಅವಳಿಗೀಗ ಹದಿನೇಳು. ಮದುವೆಯಾಗಿದೆಯೋ, ಎಲ್ಲಿದ್ದಾಳೋ. ಅವಳಿಗೆ ಯಾರು ಕಟ್ಟು ಕಟ್ಟಿಟ್ಟಿದ್ದಾರೆ?

ಡೈರಿ ಮಡಚಿಟ್ಟು ಮನೆಗೆ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ಸೋಣ ಸಂಕ್ರಮಣಕ್ಕೆ ಒಂದು ವಾರ ಇತ್ತು. ನಿಮಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ, ಅಥವಾ ಗೊತ್ತಿದ್ದೂ ಸುಮ್ಮನಿದ್ದಿರೋ, ಅದರಲ್ಲಿ ನೀವು ಪಳಗಿದವರು. ನಿಮ್ಮ ಕಿರಿಮಗಳ ಮಗಳು ವೀಣಾ ಈ ಜೂನಿನಿಂದ ನನ್ನ ಒಂದನೆಯ ಕ್ಲಾಸಿನಲ್ಲಿದ್ದಾಳೆ. ಯೋಚನೆ ಮಾಡುವಾಗ ನಿಮ್ಮ ಹಾಗೆಯೇ ಕೆಳತುಟಿ ಕಚ್ಚುತ್ತಾಳೆ. ಅದನ್ನು ನೋಡಿದಾಗಲೆಲ್ಲ ನಾನು ಬೇರೆ ಬೆಂಚಿನ ಕಡೆ ತಿರುಗುತ್ತಿದ್ದೆ, ಮಗುವಿನ ತಪ್ಪೇನೂ ಇಲ್ಲದೆ.

ಕಳೆದ ಸೋಮವಾರ ಪಡೀಲಿನ ಶಾಲೆಯ ಅಂಗಳದಲ್ಲಿ ಧ್ವಜದ ಕಂಬ ಬಿಟ್ಟಿದ್ದರು. ಮಕ್ಕಳಿಗೆ ಈ ಸಲ ಹೀಗೆ ಹೇಳಿದೆ: "ಹನ್ನೆರಡೂವರೆ ಕಳೆದ ಮೇಲೆ ನೆರಳು ಹೋಗಬಹುದು ಅಂತ ನನ್ನ ಲೆಕ್ಕ. ಮೋಡ ಬಂದರೆ ಕಾಣುವುದಿಲ್ಲ. ನನ್ನ ಲೆಕ್ಕ ತಪ್ಪಿದರೆ ಎಲ್ಲಿ ತಪ್ಪಿತು ಅಂತ ಒಟ್ಟಿಗೆ ಹುಡುಕುವ." ಊಟ ಒಂದು ಗಂಟೆಗೆ ಎಂದು ಮೊದಲೇ ಗೊತ್ತು ಮಾಡಿದ್ದೆ. ಹನ್ನೆರಡೂಕಾಲಿಗೆ ಒಂದು ಮಳೆ ಬಂದು ಎಲ್ಲರನ್ನೂ ಜಗಲಿಗೆ ಓಡಿಸಿತು, ಹೋಯಿತು. ಮೂವತ್ತೊಂದು ಮಕ್ಕಳು ಕೊಡೆ, ಬುತ್ತಿ, ನೀರಿನ ಬಾಟ್ಲಿ, ಸ್ಲೇಟು, ಕೈಗೆ ಸಿಕ್ಕಿದ್ದನ್ನೆಲ್ಲ ಒದ್ದೆ ನೆಲದ ಮೇಲೆ ನಿಲ್ಲಿಸಿಕೊಂಡು ಕಾದರು. ಹನ್ನೆರಡು ಮೂವತ್ತೈದಕ್ಕೆ ಒಂದೊಂದರ ನೆರಳೂ ಅದರೊಳಗೇ ಹೋಯಿತು. ಒಬ್ಬ ತನ್ನ ಚಪ್ಪಲಿ ಎತ್ತಿ ಅದರಡಿಯಲ್ಲಿ ಹುಡುಕಿದ. ಇನ್ನೊಬ್ಬಳು, "ನನ್ನದನ್ನು ಯಾರು ತೆಗೆದದ್ದು?" ಎಂದು ಪಕ್ಕದವಳ ಮೇಲೆ ಜಗಳಕ್ಕೇ ಹೋದಳು. ಅರ್ಧ ಗಂಟೆ ಯಾಕೆ ತಡ ಎಂದು ಹೇಳಿದೆ. ಮೇಲಿನ ಐದು ನಿಮಿಷ ಯಾಕೆ ಎಂದು ಒಬ್ಬಳು ಕೇಳಿದಳು. ನನಗೆ ಗೊತ್ತಿಲ್ಲ, ಕೇಳಿ ತಿಳಿದು ಹೇಳ್ತೇನೆ ಎಂದೆ. ಯಾರೂ ನಗಲಿಲ್ಲ. ಆಕಾಶ ಕಳಚಿ ಬೀಳಲೂ ಇಲ್ಲ.

ಆಮೇಲೆ ಅಲ್ಲೇ ಅವರನ್ನು ಸುತ್ತ ನಿಲ್ಲಿಸಿಕೊಂಡು ಅತ್ತಾವರದ ಕತೆ ಹೇಳಿದೆ. ಹನ್ನೆರಡಕ್ಕೇ ನೆರಳು ಹೋಗುತ್ತದೆ ಎಂದು ನಾನು ತಪ್ಪಾಗಿ ಹೇಳಿದ್ದು. ಹೆಡ್‌ಮಾಸ್ಟ್ರಿಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಅವರು ಹೇಳಲಿಲ್ಲ, ನಾನೂ ಮಕ್ಕಳಿಗೆ ಹೇಳಲಿಲ್ಲ. ಆ ಹೆಡ್‌ಮಾಸ್ಟ್ರು ನಮ್ಮ ವೀಣಾಳ ಅಜ್ಜ ಎಂದೂ ಹೇಳಿದೆ. ಹೌದು, ಹೆಸರು ಹಿಡಿದೇ ಹೇಳಿದೆ. ನಿಮ್ಮ ಮಾನ ಕಳೆಯಲಿಕ್ಕೇ ಹೇಳಿದೆ, ಸುಳ್ಳು ಯಾಕೆ. ವೀಣಾ ಕೆಳತುಟಿ ಕಚ್ಚಿದಳು. ನಾಳೆ ಅವಳ ತಾಯಿ ಜಗಳಕ್ಕೆ ಬಂದರೆ ಬರಲಿ ಎಂದುಕೊಂಡೆ.

"ಟೀಚರ್, ಅಜ್ಜನಿಗೆ ಯಾರು ಹೊಡೆದ್ರು?" ಎಂದು ಕೇಳಿದಳು.

"ಯಾರೂ ಹೊಡೆಯಲಿಲ್ಲ."

"ಬೈದ್ರಾ?"

"ಇಲ್ಲ."

"ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

ನನಗೂ ಆ ದಿನ ಯಾರೂ ಹೊಡೆದಿರಲಿಲ್ಲ, ಆದರೂ ಹನ್ನೊಂದು ವರ್ಷ ನಾನು… "ಗೊತ್ತಿಲ್ಲ ಮಗಾ, ಹೆದರಿಕೆ ಇರಬೇಕು" ಎಂದು ಹೇಳಿ ಮಕ್ಕಳನ್ನು ಊಟಕ್ಕೆ ಬಿಟ್ಟೆ.

ಇವತ್ತು ಬೆಳಿಗ್ಗೆಯ ಸುದ್ದಿ ಹೇಳಿ ಮುಗಿಸುತ್ತೇನೆ. ಹಾಜರಿ ಕರೆಯುತ್ತಿದ್ದೆ. ನಿಮ್ಮ ಮೊಮ್ಮಗಳು ತನ್ನ ಹೆಸರು ಬರುವ ಮೊದಲೇ ಸ್ಲೇಟು ಹಿಡಿದು ಎದ್ದು ನಿಂತಳು. "ಟೀಚರ್, ನನ್ನ ಮೂರನೇ ಲೆಕ್ಕ ತಪ್ಪುಂಟು. ನೀವು ನಿನ್ನೆ ನೋಡದೆ ಸರಿ ಹಾಕಿದ್ದೀರಿ" ಎಂದಳು. ನಾನು ಕೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ಎಲ್ಲರ ಎದುರು, ನಗುತ್ತಾ ಹೇಳಿದಳು. ಸ್ಲೇಟು ತೆಗೆದುಕೊಂಡು ನೋಡಿದೆ. ಹೌದು ಮಾಸ್ಟ್ರೇ, ತಪ್ಪಿತ್ತು, ಅವಳದೂ ನನ್ನದೂ.

ಸುಮತಿ
ಒಂದನೆಯ ಕ್ಲಾಸು, ಪಡೀಲು